ಮೈಕ್ ಮ್ಯಾನ್ಸ್‌ಫೀಲ್ಡ್ ಯಾರು? ಅಮೆರಿಕ ಸಂಸತ್ತಿನ ಮೇಲ್ಮನೆಯಾದ ಸೆನೆಟಿನ ನಾಯಕರಾಗಿದ್ದವರು ಜಪಾನಿಗೆ ರಾಯಭಾರಿಯಾದದ್ದು ಹೇಗೆ?

1903ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ ಮೊಂಟಾನಾದಲ್ಲಿ ಬೆಳೆದ ಮ್ಯಾನ್ಸ್‌ಫೀಲ್ಡ್, ಮೊದಲ ಮಹಾಯುದ್ಧದ ಕಾಲದಲ್ಲಿ ವಯಸ್ಸನ್ನು ಮರೆಮಾಚಿ ನೌಕಾಪಡೆಗೆ ಸೇರಿದರು. ಬಳಿಕ ಭೂಸೇನೆಯಲ್ಲೂ ಮರೀನ್ ಪಡೆಯಲ್ಲೂ ದುಡಿದರು. ಮರೀನ್ ಪಡೆಯಲ್ಲಿದ್ದಾಗ ಚೀನಾವನ್ನು ಕಂಡದ್ದೇ ಏಷ್ಯಾದ ಮೇಲಿನ ಅವರ ಜೀವಮಾನದ ಆಸಕ್ತಿಗೆ ಮೂಲ. ಊರಿಗೆ ಮರಳಿ ಬ್ಯೂಟ್ ನಗರದ ತಾಮ್ರದ ಗಣಿಗಳಲ್ಲಿ ಅದಿರು ತುಂಬುತ್ತಿದ್ದ ಅವರನ್ನು ಓದಿನತ್ತ ತಿರುಗಿಸಿದವರು ಮುಂದೆ ಪತ್ನಿಯಾದ ಶಿಕ್ಷಕಿ ಮೋರೀನ್. ಆಮೇಲೆ ಅವರು ಇತಿಹಾಸದ ಪ್ರಾಧ್ಯಾಪಕರಾದರು.

1943ರಿಂದ ಹತ್ತು ವರ್ಷ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ, ನಂತರ 1977ರವರೆಗೆ ಸೆನೆಟಿನಲ್ಲಿದ್ದರು. 1961ರಿಂದ 16 ವರ್ಷ ಬಹುಮತ ಪಕ್ಷದ ನಾಯಕರಾಗಿದ್ದ ಅವರ ದೊಡ್ಡ ಸಾಧನೆ ಜನಾಂಗ ಭೇದವನ್ನು ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆ ಎಂದು ನನ್ನ ಅಭಿಪ್ರಾಯ. ವಿರೋಧಿಯೊಬ್ಬರು ಅಧ್ಯಕ್ಷರಾಗಿದ್ದ ನ್ಯಾಯಾಂಗ ಸಮಿತಿಯಲ್ಲಿ ಮಸೂದೆ ಕೊಳೆಯದಂತೆ ಅದನ್ನು ನೇರವಾಗಿ ಸದನದ ಕಾರ್ಯಸೂಚಿಗೆ ತಂದು, ತಿಂಗಳುಗಟ್ಟಲೆ ನಡೆದ ಅಡ್ಡಿಯ ಭಾಷಣಗಳನ್ನು ತಾಳ್ಮೆಯಿಂದ ಸಹಿಸಿ, ಕೊನೆಗೆ 71–29 ಮತಗಳಿಂದ ಚರ್ಚೆಗೆ ತೆರೆ ಎಳೆಸಿದರು. ವಿಯೆಟ್ನಾಂ ಯುದ್ಧದ ಬಗ್ಗೆಯೂ ತಮ್ಮದೇ ಪಕ್ಷದವರಾದ ದೇಶದ ಅಧ್ಯಕ್ಷರನ್ನೇ ಎಚ್ಚರಿಸಿದ್ದರು.

ನಿವೃತ್ತರಾದ ವರ್ಷವೇ ಮ್ಯಾನ್ಸ್‌ಫೀಲ್ಡರನ್ನು ಡೆಮಾಕ್ರಟಿಕ್ ಅಧ್ಯಕ್ಷ ಕಾರ್ಟರ್ ರಾಯಭಾರಿಯಾಗಿ ಟೋಕಿಯೋಗೆ ಕಳುಹಿಸಿದರು. ರಿಪಬ್ಲಿಕನ್ ಪಕ್ಷದ ರೇಗನ್ ಬಂದ ಮೇಲೂ ಅವರನ್ನೇ ಮುಂದುವರಿಸಿದ್ದು ಅಪರೂಪದ ಗೌರವ. ವ್ಯಾಪಾರದ ಜಗಳಗಳು ಬಿಗಿಯಾಗಿದ್ದ ಆ ದಿನಗಳಲ್ಲಿ, 1988ರವರೆಗೂ ಅಲ್ಲಿದ್ದು, ಕಚೇರಿಗೆ ಬಂದವರಿಗೆ ತಾವೇ ಕಾಫಿ ಬೆರೆಸಿ ಕೊಡುತ್ತಿದ್ದರು. 2001ರಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಆರ್ಲಿಂಗ್ಟನ್ ರಾಷ್ಟ್ರೀಯ ಸೈನಿಕ ಸ್ಮಶಾನದಲ್ಲಿರುವ ಅವರ ಸಮಾಧಿ ಕಲ್ಲಿನ ಮೇಲೆ ಸೆನೆಟರ್ ಎಂದಾಗಲಿ ರಾಯಭಾರಿ ಎಂದಾಗಲಿ ಇಲ್ಲ, ಮರೀನ್ ಪಡೆಯ ಸಾಮಾನ್ಯ ಸಿಪಾಯಿ ಎಂದಷ್ಟೇ ಇದೆ.