ಕೀಲಿಕೈ ಕೊಡುವ ಮುನ್ನ: ಹಳೆ ಕಟ್ಟಡಗಳ ರೀಡೆವಲಪ್‌ಮೆಂಟ್ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮುಂಬಯಿಯ ಹಳೆ ಕಟ್ಟಡಗಳನ್ನು ಕೆಡವಿ ಹೊಸದಾಗಿ ಕಟ್ಟುವ ವ್ಯವಹಾರಕ್ಕೆ ಸಂಬಂಧಿಸಿದವು. ನಾಲ್ಕನ್ನು ಆರಿಸಿಕೊಂಡಿದ್ದೇವೆ. ಮೊದಲನೆಯ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಹಲವರಿಂದ ಬಂದಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮದು 1976ರಲ್ಲಿ ಕಟ್ಟಿದ ಇಪ್ಪತ್ತು ಮನೆಗಳ ಸೊಸೈಟಿ. ನಮ್ಮ ಮನೆ 450 ಚದರ ಅಡಿ ಕಾರ್ಪೆಟ್ ಇದೆ. ಒಬ್ಬ ಬಿಲ್ಡರ್ ಶೇ. 40ರಷ್ಟು ಹೆಚ್ಚು ಜಾಗ ಕೊಡುತ್ತೇನೆ ಎನ್ನುತ್ತಾರೆ. ಇನ್ನೊಬ್ಬರು ಶೇ. 28 ಮಾತ್ರ ಎನ್ನುತ್ತಾರೆ, ಆದರೆ ಬ್ಯಾಂಕ್ ಗ್ಯಾರಂಟಿ (ತಾವು ಮಾತು ತಪ್ಪಿದರೆ ಬ್ಯಾಂಕ್ ಹಣ ಕೊಡುವ ಖಾತರಿ) ಕೊಡಲು ಸಿದ್ಧರಿದ್ದಾರೆ. ಮುಂದಿನ ತಿಂಗಳು ಮಹಾಸಭೆ ಇದೆ. ಎಂಬತ್ತು ದಾಟಿದ ತಾಯಿ ನಮ್ಮ ಜೊತೆಗಿದ್ದಾರೆ. ಯಾರಿಗೆ ಮತ ಹಾಕುವುದು ಒಳ್ಳೆಯದು? — ಓದುಗರು, ವಿಲೇಪಾರ್ಲೆ ಪೂರ್ವ

ಉತ್ತರ: ಮತ ಯಾರಿಗೆ ಎಂಬುದನ್ನು ನಿರ್ಧರಿಸುವ ಮೊದಲು ಶೇ. 40 ಎಂದರೆ ಯಾವ ಅಳತೆಯಲ್ಲಿ ಎಂದು ಲಿಖಿತವಾಗಿ ಕೇಳಿರಿ. ನಿಮ್ಮ ಹಳೆ ಮನೆಯ 450 ಚದರ ಅಡಿ ಎನ್ನುವುದು ಗೋಡೆಯಿಂದ ಗೋಡೆಗೆ ಟೇಪು ಹಿಡಿದು ಅಳೆದ, ಕಾಲಿಡಲು ಸಿಗುವ ಜಾಗ. ಆದರೆ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ ಕಾರ್ಪೆಟ್ ಏರಿಯಾದಲ್ಲಿ ಮನೆಯೊಳಗಿನ ಅಡ್ಡಗೋಡೆಗಳು ನಿಂತಿರುವ ಜಾಗವೂ ಸೇರುತ್ತದೆ. ಒಳಗೋಡೆಗಳ ಒಟ್ಟು ಉದ್ದ 40 ಅಡಿ, ದಪ್ಪ ಅರ್ಧ ಅಡಿ ಎಂದು ಹಿಡಿದರೂ 20 ಚದರ ಅಡಿ ಗೋಡೆಗೇ ಹೋಯಿತು. ಹಳೆ ಮನೆಯನ್ನು ಒಂದು ಅಳತೆಯಲ್ಲಿ, ಹೊಸ ಮನೆಯನ್ನು ಇನ್ನೊಂದು ಅಳತೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಶೇಕಡಾವಾರನ್ನು ನಂಬಬೇಡಿ. ಎರಡಕ್ಕೂ ಒಂದೇ ಅಳತೆ ಇರಲಿ, ನಕಾಶೆಯ ಮೇಲೆ ಪ್ರತಿ ಕೋಣೆಯ ಉದ್ದಗಲ ಬರೆದಿರಲಿ.

ನೀವು ಇರುವುದು ವಿಲೇಪಾರ್ಲೆಯಲ್ಲಾದ್ದರಿಂದ ಇನ್ನೊಂದು ಮಾತು ಮುಖ್ಯವಾಗುತ್ತದೆ. ವಿಮಾನ ನಿಲ್ದಾಣದ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಇದೆ, ವಿಮಾನ ನಿಲ್ದಾಣ ಪ್ರಾಧಿಕಾರದ ಎನ್‌ಒಸಿ (ತಕರಾರಿಲ್ಲವೆಂಬ ಪತ್ರ) ಇಲ್ಲದೆ ಮಾಳಿಗೆ ಏರಿಸುವಂತಿಲ್ಲ. ಆ ಎತ್ತರವನ್ನು ನೆಲದಿಂದ ಅಳೆಯುವುದಿಲ್ಲ, ಸಮುದ್ರ ಮಟ್ಟದಿಂದ ಅಳೆಯುತ್ತಾರೆ. ಲಿಫ್ಟಿನ ಕೋಣೆ, ನೀರಿನ ಟಾಕಿ ಎಲ್ಲವೂ ಅದರೊಳಗೇ ಬರಬೇಕು. ನಿಮಗೆ ಉಚಿತವಾಗಿ ಸಿಗುವ ಹೆಚ್ಚುವರಿ ಜಾಗದ ಖರ್ಚನ್ನು ಬಿಲ್ಡರ್ ಮೇಲಿನ ಮಾಳಿಗೆಗಳ ಮಾರಾಟದಿಂದ ಭರಿಸುತ್ತಾನೆ. ಆ ಮಾಳಿಗೆಗಳಿಗೆ ಅನುಮತಿ ಸಿಗದಿದ್ದರೆ ಶೇ. 40 ಎಲ್ಲಿಂದ ಬಂದೀತು? ಮಹಾಸಭೆಯಲ್ಲಿ ಎದ್ದುನಿಂತು ಈ ಒಂದು ಪ್ರಶ್ನೆ ಕೇಳಿರಿ: ನಿಮ್ಮ ಲೆಕ್ಕದಲ್ಲಿ ಎಷ್ಟು ಮಾಳಿಗೆಗಳಿವೆ, ಅಷ್ಟು ಎತ್ತರಕ್ಕೆ ಪ್ರಾಧಿಕಾರದ ಕಾಗದ ಎಲ್ಲಿದೆ?

ಇನ್ನು ಹೊಸ ಮನೆ ಸಿಗುವವರೆಗೆ ಬಿಲ್ಡರ್ ನಿಮಗೆ ಕೊಡಬೇಕಾದ ಬಾಡಿಗೆ. ಇಬ್ಬರು ಬಿಲ್ಡರುಗಳ ನಡುವಿನ ವ್ಯತ್ಯಾಸ 54 ಚದರ ಅಡಿ. ನಿಮಗೆ ತಿಂಗಳಿಗೆ 60,000 ರೂಪಾಯಿ ಬಾಡಿಗೆ ಒಪ್ಪಿಕೊಂಡ ಬಿಲ್ಡರ್ ಅದನ್ನು ಹದಿನೆಂಟು ತಿಂಗಳು ನಿಲ್ಲಿಸಿದರೆ ನಿಮ್ಮ ಕೈಯಿಂದ ಹೋಗುವುದು 10,80,000 ರೂಪಾಯಿ, ಅದೂ ತಾಯಿಯವರನ್ನು ಕರೆದುಕೊಂಡು ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಲೆಯುತ್ತ. ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ನಾವಿದ್ದ ಕಟ್ಟಡವನ್ನು ಕೆಡವಿದ ಮೇಲೆ ಹದಿನಾಲ್ಕು ತಿಂಗಳು ಬಾಡಿಗೆ ಸರಿಯಾಗಿ ಬಂತು. ಹದಿನೈದನೆಯ ಚೆಕ್ ಬ್ಯಾಂಕಿನಿಂದ ಮರಳಿತು. ಆ ಮಳೆಗಾಲದಲ್ಲಿ ನೋಡಲು ಹೋದರೆ, ಅಡಿಪಾಯಕ್ಕೆಂದು ತೋಡಿದ ಗುಂಡಿಯಲ್ಲಿ ಎದೆಮಟ್ಟ ನೀರು ನಿಂತಿತ್ತು, ಸುತ್ತಲಿನ ತಗಡಿನ ಬೇಲಿಯ ಮೇಲೆ ಮಾತ್ರ ನೀಲಿ ಈಜುಕೊಳದ ಚಿತ್ರ ಹೊಳೆಯುತ್ತಿತ್ತು. ಕೆಲಸ ಮತ್ತೆ ಶುರುವಾಗಲು ಎರಡು ವರ್ಷ ಹಿಡಿಯಿತು. ನಮ್ಮದು ಸಣ್ಣ ಕಥೆ. ಗೋರೆಗಾಂವಿನ ಸಿದ್ಧಾರ್ಥ ನಗರದಲ್ಲಿ, ಜನ ಪತ್ರಾ ಚಾಳ್ ಎಂದು ಕರೆಯುವಲ್ಲಿ, 672 ಕುಟುಂಬಗಳು 2008ರ ಒಪ್ಪಂದವನ್ನು ನಂಬಿ ಮನೆ ಬಿಟ್ಟು ಒಂದು ದಶಕಕ್ಕೂ ಹೆಚ್ಚು ಕಾಲ ಹೊಸ ಮನೆ ಕಾಣದೆ ಕಾದವು.

"ರೇರಾ ಇದೆಯಲ್ಲ" ಎಂದು ಸಭೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೊಸ ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಬೇರೆ ಖಾತೆಯಲ್ಲಿ ಇಡಿಸುವ ಆ ಕಾಯ್ದೆ, ಹಳೆ ಸದಸ್ಯರ ಬಾಡಿಗೆಗಾಗಿ ಅಂಥ ಖಾತೆಯನ್ನೇನೂ ತೆರೆಸುವುದಿಲ್ಲ. ನಮಗಿರುವ ರಕ್ಷಣೆ ಸೊಸೈಟಿಯ ನೋಂದಾಯಿತ ಒಪ್ಪಂದದಲ್ಲಿ ನಾವೇ ಬರೆಸಿಕೊಂಡದ್ದು. ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆಯ 79ಎ ಕಲಮಿನಡಿ ಸರಕಾರ 2009ರಲ್ಲಿ ಹೊರಡಿಸಿ 2019ರ ಜುಲೈ 4ರಂದು ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ, ಯೋಜನಾ ವೆಚ್ಚದ ಶೇ. 20ರಷ್ಟು ಬ್ಯಾಂಕ್ ಗ್ಯಾರಂಟಿಯ ಮಾತು, ಸಭೆಯ ವಿಡಿಯೊ ಚಿತ್ರೀಕರಣದ ಮಾತು, ಒಟ್ಟು ಸದಸ್ಯರಲ್ಲಿ ಕನಿಷ್ಠ ಶೇ. 51ರ ಒಪ್ಪಿಗೆ ಬೇಕೆಂಬ ಮಾತು ಇವೆ. ಅಂದರೆ ಗ್ಯಾರಂಟಿ ಕೊಡುತ್ತೇನೆ ಎನ್ನುವ ಎರಡನೆಯವರು ವಿಶೇಷ ಔದಾರ್ಯವನ್ನೇನೂ ತೋರಿಸುತ್ತಿಲ್ಲ. ಕೊಡುವುದಿಲ್ಲ ಎನ್ನುವ ಮೊದಲನೆಯವರನ್ನು ಏಕೆಂದು ಕೇಳಬೇಕಾಗಿದೆ. ನಿವೇಶನದ ಕನ್ವೇಯನ್ಸ್ (ಒಡೆತನದ ವರ್ಗಾವಣೆ) ಸೊಸೈಟಿಯ ಹೆಸರಿಗೆ ಆಗಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಆಗಿರದಿದ್ದರೆ ಡೀಮ್ಡ್ ಕನ್ವೇಯನ್ಸಿಗೆ (ಒಡೆಯ ತಾನಾಗಿ ಮಾಡಿಕೊಡದಾಗ ಸರಕಾರಿ ಅಧಿಕಾರಿಯ ಮೂಲಕ ಆಗುವ ವರ್ಗಾವಣೆಗೆ) ಅರ್ಜಿ ಹಾಕುವುದೇ ಮೊದಲ ಕೆಲಸ, ಬಿಲ್ಡರನ ಆಯ್ಕೆ ಆಮೇಲಿನದು.

ನೀವು ನನ್ನ ಅಭಿಪ್ರಾಯ ಕೇಳಿದ್ದೀರಿ: ಎತ್ತರದ ಎನ್‌ಒಸಿ ತೋರಿಸಲಾಗದವರ ಶೇ. 40ಕ್ಕಿಂತ ಗ್ಯಾರಂಟಿಯ ಶೇ. 28 ಮೇಲು. ಯಾರೇ ಆಗಲಿ, ಪಾಲಿಕೆಯ ಐಒಡಿ (ಕಟ್ಟಲು ಕೊಡುವ ಷರತ್ತಿನ ಅನುಮತಿ ಪತ್ರ) ಕೈಗೆ ಬಂದು, ಗ್ಯಾರಂಟಿ ಸೊಸೈಟಿಯ ಹೆಸರಿಗೆ ಆಗಿ, ನಿಮ್ಮ ವೈಯಕ್ತಿಕ ಒಪ್ಪಂದ ನೋಂದಣಿಯಾಗಿ, ಮುಂಗಡ ಬಾಡಿಗೆ ಖಾತೆಗೆ ಜಮೆಯಾಗುವವರೆಗೆ ಕೀಲಿಕೈ ಕೊಡಬೇಡಿ. "ಅರ್ಧ ಜನ ಆಗಲೇ ಖಾಲಿ ಮಾಡಿದ್ದಾರೆ, ನೀವೊಬ್ಬರೇ ಅಡ್ಡಿ" ಎಂಬ ಮಾತು ನಿಮ್ಮ ಬಾಗಿಲಿಗೂ ಬಂದೀತು. ಬಂದಾಗ ಈ ನಾಲ್ಕು ಕಾಗದಗಳನ್ನು ಕೇಳಿರಿ, ಸಾಕು.

ಪ್ರಶ್ನೆ: ಕುಂದಾಪುರದಿಂದ ಬಂದು ಹೋಟೆಲಿನಲ್ಲಿ ದುಡಿದ ನಮ್ಮ ತಂದೆ ಗಿರಗಾಂವಿನ ಚಾಳಿನಲ್ಲಿ ಪಗಡಿ (ಬಾಡಿಗೆ ಹಕ್ಕಿಗಾಗಿ ಒಮ್ಮೆಗೇ ಕೊಡುವ ಮೊತ್ತ) ಕೊಟ್ಟು ಒಂದು ಖೋಲಿ ಹಿಡಿದಿದ್ದರು. ಅವರು ತೀರಿಕೊಂಡಾಗ ಅವರ ಜೊತೆ ಇದ್ದವನು ನಾನು. ಅಣ್ಣ ಅದಕ್ಕೂ ಹತ್ತು ವರ್ಷ ಮೊದಲೇ ಊರಿಗೆ ಹೋಗಿ ನೆಲೆಸಿದ್ದ. ಈಗ ಕಟ್ಟಡ ಪುನರ್ನಿರ್ಮಾಣಕ್ಕೆ ಹೋಗುತ್ತಿದ್ದು, ಅಣ್ಣ ಅರ್ಧ ಪಾಲು ಕೇಳುತ್ತಿದ್ದಾನೆ. ರಸೀದಿ ಇನ್ನೂ ತಂದೆಯ ಹೆಸರಿನಲ್ಲೇ ಇದೆ. — ಓದುಗರು, ಗಿರಗಾಂವ್

ಉತ್ತರ: ಪಗಡಿಯ ಖೋಲಿ ಊರಿನ ಜಮೀನಿನಂತೆ ಪಾಲಾಗುವ ಆಸ್ತಿಯಲ್ಲ, ಅದು ಬಾಡಿಗೆದಾರನ ಹಕ್ಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ, ವಾಸದ ಮನೆಯ ಬಾಡಿಗೆದಾರ ತೀರಿಕೊಂಡಾಗ ಅವನ ಜೊತೆಗೆ ವಾಸವಾಗಿದ್ದ ಕುಟುಂಬದ ಸದಸ್ಯನಿಗೆ ಆ ಹಕ್ಕು ಮೊದಲು ಸಲ್ಲುತ್ತದೆ. ಅಂಥವರು ಯಾರೂ ಇಲ್ಲದಿದ್ದರೆ ಮಾತ್ರ ಇತರ ವಾರಸುದಾರರ ಮಾತು. ನೀವು ಬರೆದದ್ದು ನಿಜವಾಗಿದ್ದು ಅದಕ್ಕೆ ಪಡಿತರ ಚೀಟಿ, ವಿದ್ಯುತ್ ಬಿಲ್ಲು, ಮತದಾರರ ಪಟ್ಟಿಯ ಆಧಾರವಿದ್ದರೆ ನಿಮ್ಮ ಪಕ್ಷ ಗಟ್ಟಿಯಾಗಿದೆ. ಆದರೆ ರಸೀದಿಯನ್ನು ಇಷ್ಟು ವರ್ಷ ತಂದೆಯ ಹೆಸರಿನಲ್ಲೇ ಬಿಟ್ಟದ್ದು ತಪ್ಪು. ಮುಂಬಯಿಯಲ್ಲಿ ನಮ್ಮವರು ಹೆಚ್ಚಾಗಿ ಮಾಡುವ ತಪ್ಪು ಇದು, ಮನೆಯೊಡೆಯ ಹೆಸರು ಬದಲಿಸಲು ಹಣ ಕೇಳುತ್ತಾನೆಂಬ ಹೆದರಿಕೆಯಿಂದ.

ನಿಮ್ಮ ಚಾಳು 1940ರ ಸೆಪ್ಟೆಂಬರ್ 1ಕ್ಕಿಂತ ಮೊದಲಿನದಾಗಿದ್ದರೆ ಅದು 'ಎ' ವರ್ಗದ ಸೆಸ್ (ದುರಸ್ತಿಗಾಗಿ ತೆರಿಗೆ ಕಟ್ಟುವ) ಕಟ್ಟಡ. ಅಂಥವುಗಳ ಪುನರ್ನಿರ್ಮಾಣ ಮುಂಬಯಿಯ ಅಭಿವೃದ್ಧಿ ನಿಯಮಾವಳಿಯ 33(7) ನಿಯಮದಡಿ ನಡೆಯುತ್ತದೆ, ಮ್ಹಾಡಾ (ರಾಜ್ಯದ ವಸತಿ ಪ್ರಾಧಿಕಾರ) ಅರ್ಹ ಬಾಡಿಗೆದಾರರ ಪಟ್ಟಿಯನ್ನು ದೃಢೀಕರಿಸುತ್ತದೆ, ಎಷ್ಟೇ ಚಿಕ್ಕ ಖೋಲಿಯಾದರೂ ಆ ನಿಯಮದಲ್ಲಿ ಕನಿಷ್ಠ 300 ಚದರ ಅಡಿ ಕಾರ್ಪೆಟ್ ನಿಗದಿಯಾಗಿದೆ. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬರುವುದೇ ಈಗ ಮುಖ್ಯ. ಅಣ್ಣನಿಂದ ತಕರಾರಿಲ್ಲವೆಂಬ ಪತ್ರ ಸಿಕ್ಕರೆ ಕೆಲಸ ಹಗುರವಾಗುತ್ತದೆ. ಅದಕ್ಕಾಗಿ ಅವರಿಗೆ ಏನಾದರೂ ಕೊಡಬೇಕೇ ಎಂಬುದು ಕಾನೂನಿನ ಪ್ರಶ್ನೆಯಲ್ಲ, ನಿಮ್ಮಿಬ್ಬರ ನಡುವಿನದು. ಆದರೂ ಬಾಡಿಗೆ ತಕರಾರುಗಳು ಹೋಗುವ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಕಳೆಯುವ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ಯೋಚಿಸಿರಿ.

ಪ್ರಶ್ನೆ: ಹಳೆ ಮನೆಗೆ ಬದಲಾಗಿ ಸಿಗುವ ಹೊಸ ಮನೆಗೆ ಮತ್ತೆ ಸ್ಟಾಂಪ್ ಡ್ಯೂಟಿ ಕಟ್ಟಬೇಕೇ? — ಓದುಗರು, ಮುಲುಂಡ್

ಉತ್ತರ: ಬಿಲ್ಡರ್ ಬದಲಿಯಾಗಿ ಕೊಡುವ ಮನೆಯ ಒಪ್ಪಂದಕ್ಕೆ ಆಗಿನ 100 ರೂಪಾಯಿಯ ಸ್ಟಾಂಪಿಗಿಂತ ಹೆಚ್ಚು ಕೇಳುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2023ರಲ್ಲಿ ತೀರ್ಪು ಕೊಟ್ಟಿದೆ. ಅದರ ಮೇಲೆ ನೀವಾಗಿ ದುಡ್ಡು ಕೊಟ್ಟು ಕೊಂಡ ಜಾಗಕ್ಕೆ ಮಾತ್ರ ಡ್ಯೂಟಿ ಬೀಳುತ್ತದೆ.

ಪ್ರಶ್ನೆ: ನಮ್ಮ ಗಲ್ಲಿಯಲ್ಲಿ ಒಂದರ ಹಿಂದೊಂದು ನಾಲ್ಕು ಕಟ್ಟಡಗಳನ್ನು ಕೆಡವಿದ್ದಾರೆ. ಅದೇ ಸಣ್ಣ ರಸ್ತೆ, ಅದೇ ನೀರಿನ ಪೈಪು. ಇಷ್ಟೊಂದು ಮಾಳಿಗೆಗಳಿಗೆ ಅನುಮತಿ ಹೇಗೆ ಸಿಗುತ್ತದೆ? ನನ್ನಂಥ ನಿವೃತ್ತರು ಹೊಸ ಕಟ್ಟಡದ ಮೇಂಟೆನನ್ಸ್ ಹೇಗೆ ಕಟ್ಟಬೇಕು? — ಓದುಗರು, ಚೆಂಬೂರು

ಉತ್ತರ: ಉಪನಗರಗಳಲ್ಲಿ ಮೂಲ ಎಫ್‌ಎಸ್‌ಐ (ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಲೆಕ್ಕ) 1, ದ್ವೀಪ ನಗರದಲ್ಲಿ, ಅಂದರೆ ಹಳೆ ಮುಂಬಯಿಯಲ್ಲಿ, 1.33. ಅದರ ಮೇಲೆ ಹಣ ಕಟ್ಟಿ ಪಡೆಯುವ ಎಫ್‌ಎಸ್‌ಐ, ಬೇರೆಡೆ ರಸ್ತೆಗೋ ಉದ್ಯಾನಕ್ಕೋ ಬಿಟ್ಟುಕೊಟ್ಟ ಜಾಗದ ಬದಲು ಸಿಗುವ ಕಟ್ಟುವ ಹಕ್ಕು (ಟಿಡಿಆರ್), ಇವೆಲ್ಲದರ ಮೇಲೆ ಫಂಜಿಬಲ್ ಎಂಬ ಶೇ. 35ರ ಇನ್ನೊಂದು ಹೆಚ್ಚುವರಿ ಸೇರುತ್ತವೆ. 2018ರಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿ ಈ ಹೆಚ್ಚುವರಿಯನ್ನು ರಸ್ತೆಯ ಅಗಲಕ್ಕೆ ಕಟ್ಟಿಹಾಕಿದೆ ನಿಜ. ಆದರೆ ಆ ಲೆಕ್ಕ ನಡೆಯುವುದು ಒಂದೊಂದೇ ನಿವೇಶನಕ್ಕೆ. ನಾಲ್ಕೂ ಕಟ್ಟಡಗಳ ಕಾರುಗಳು ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮ ಗಲ್ಲಿಯ ಬಾಯಲ್ಲಿ ಒಟ್ಟಿಗೆ ನಿಂತರೆ ಏನಾಗುತ್ತದೆ ಎಂಬುದನ್ನು ಯಾವ ನಕಾಶೆಯೂ ತೋರಿಸುವುದಿಲ್ಲ. ಇಡೀ ಮೊಹಲ್ಲಾವನ್ನು ಒಟ್ಟಾಗಿ ತೆಗೆದುಕೊಳ್ಳುವ 33(9)ರ ಕ್ಲಸ್ಟರ್ ಯೋಜನೆ ಇದಕ್ಕೆ ಉತ್ತರವೆನ್ನುತ್ತಾರೆ. ಭೆಂಡಿ ಬಜಾರಿನಲ್ಲಿ 16.5 ಎಕರೆಯಷ್ಟು ಜಾಗದಲ್ಲಿ ಅದು ನಡೆಯುತ್ತಿದೆ. ಅಲ್ಲಿ ಒಂದೇ ಟ್ರಸ್ಟ್ ಮುಂದೆ ನಿಂತಿರುವುದರಿಂದ ಅದು ಸಾಧ್ಯವಾಯಿತು. ಚೆಂಬೂರಿನ ಗಲ್ಲಿಯಲ್ಲಿ ಎಂಟು ಸೊಸೈಟಿಗಳ ಎಂಟು ಕಾರ್ಯದರ್ಶಿಗಳು ಒಂದೇ ಕಾಗದಕ್ಕೆ ಸಹಿ ಹಾಕುವುದನ್ನು ನಾನಂತೂ ಇನ್ನೂ ಕಂಡಿಲ್ಲ.

ಮೇಂಟೆನನ್ಸ್ ವಿಷಯ ಮಾತ್ರ ನಿಮ್ಮ ಕೈಯಲ್ಲಿದೆ, ಮತ್ತು ಸಭೆಗಳಲ್ಲಿ ಅದನ್ನು ಕೇಳುವವರೇ ಕಡಿಮೆ. ಹಳೆ ಕಟ್ಟಡದಲ್ಲಿ ಒಬ್ಬ ವಾಚ್‌ಮನ್, ಒಂದು ಪಂಪು ಇದ್ದವು. ಹೊಸದರಲ್ಲಿ ಎರಡೋ ಮೂರೋ ಲಿಫ್ಟು, ಬೆಂಕಿ ಆರಿಸುವ ಪಂಪು, ಯಾಂತ್ರಿಕ ಪಾರ್ಕಿಂಗ್, ಜನರೇಟರ್, ಕ್ಲಬ್‌ಹೌಸ್ ಇರುತ್ತವೆ. ಬಿಲ್ಡರ್ ಸದಸ್ಯರಿಗೆ ಇಡುಗಂಟಾಗಿ ಕೊಡುವ ಕಾರ್ಪಸ್ ಮೊತ್ತವನ್ನು ಹೊಸ ಫ್ರಿಜ್ಜಿಗೂ ಮಗಳ ಮದುವೆಗೂ ಖರ್ಚು ಮಾಡುವುದು ವಾಡಿಕೆಯಾಗಿಬಿಟ್ಟಿದೆ. ಅದು ಇರುವುದೇ ಅದರ ಬಡ್ಡಿಯಿಂದ ಪ್ರತಿ ತಿಂಗಳ ಮೇಂಟೆನನ್ಸ್ ಬಿಲ್ಲನ್ನು ತುಂಬಲಿಕ್ಕೆ. ಪಕ್ಕದ ಗಲ್ಲಿಯಲ್ಲಿ ಐದಾರು ವರ್ಷ ಹಿಂದೆ ತುಂಬಿದ ಅಂಥದೇ ಕಟ್ಟಡವಿದ್ದರೆ ಅಲ್ಲಿನ ಒಬ್ಬರಿಂದ ಕಳೆದ ತಿಂಗಳ ಮೇಂಟೆನನ್ಸ್ ಬಿಲ್ಲಿನ ಪ್ರತಿಯನ್ನು ಕೇಳಿ ತನ್ನಿರಿ. ಅದನ್ನು ಹನ್ನೆರಡರಿಂದ ಗುಣಿಸಿ, ನಿಮಗೆ ಹೇಳಿರುವ ಕಾರ್ಪಸ್‌ನ ವರ್ಷದ ಬಡ್ಡಿಯ ಪಕ್ಕದಲ್ಲಿ ಬರೆದು, ಮುಂದಿನ ಸಭೆಗೆ ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿರಿ.