ಫೋಟೋ ಇರುವಾಗ ನೆನಪಿನ ವಸ್ತು ಏಕೆ?

ಪ್ರಶ್ನೆ: ಮೊದಲು ಯಾವ ಊರಿಗೆ ಹೋದರೂ ಅಲ್ಲಿನ ಚಿತ್ರವಿರುವ ಕಾರ್ಡುಗಳ ಕಟ್ಟನ್ನೋ ಪ್ಲಾಸ್ಟರಿನ ಗೋಪುರವನ್ನೋ ಕೊಂಡು ತರುತ್ತಿದ್ದೆವು. ಈಗ ಮಕ್ಕಳು, ‘ಎಲ್ಲ ಮೊಬೈಲಿನಲ್ಲೇ ಇದೆಯಲ್ಲ, ಸುಮ್ಮನೆ ದುಡ್ಡು ದಂಡ’ ಎನ್ನುತ್ತಾರೆ. ಬೀದರಿಗೆ ಹೊರಟಿದ್ದೇವೆ. ಏನಾದರೂ ಕೊಳ್ಳಬೇಕೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಕಾರ್ಡುಗಳ ಮಟ್ಟಿಗೆ ಮಕ್ಕಳು ಹೇಳುವುದು ಸರಿಯೇ. 36 ಚಿತ್ರಗಳ ರೀಲನ್ನು ತೊಳೆಸಿ ಪ್ರಿಂಟು ಹಾಕಿಸುವ ಖರ್ಚು ನೆನೆದು ಒಂದೊಂದು ಕ್ಲಿಕ್ಕಿಗೂ ಹಿಂದೆಮುಂದೆ ನೋಡುತ್ತಿದ್ದ ಕಾಲದಲ್ಲಿ, ಬೀದರಿನ ಪಕ್ಕದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗೋರಿಯೊಳಗಿನ ಬಣ್ಣದ ಚಿತ್ತಾರವನ್ನು ಆ ಮಬ್ಬು ಬೆಳಕಿನಲ್ಲಿ ಹಿಡಿಯುವುದು ಮನೆಯ ಕ್ಯಾಮೆರಾಕ್ಕೆ ಸುಲಭವಿರಲಿಲ್ಲ; ಆದ್ದರಿಂದ ಪಳಗಿದ ಕೈ ತೆಗೆದ ಚಿತ್ರವನ್ನು ಕೊಳ್ಳುತ್ತಿದ್ದೆವು. ಆ ಕೆಲಸವನ್ನು ಈಗ ಮೊಬೈಲು ಬಿಟ್ಟಿಯಾಗಿ ಮಾಡುತ್ತದೆ. 1975ರಲ್ಲಿ ಡಿಜಿಟಲ್ ಕ್ಯಾಮೆರಾ ಕಟ್ಟಿದ ಸ್ಟೀವನ್ ಸ್ಯಾಸನ್, ರೀಲು ಮಾರಿಯೇ ಬೆಳೆದ ಕೊಡಕ್ ಕಂಪನಿಯ ಎಂಜಿನಿಯರರೇ ಆಗಿದ್ದರು. ಆ ಕಂಪನಿಯೇ 2012ರಲ್ಲಿ ದಿವಾಳಿ ಅರ್ಜಿ ಹಾಕಬೇಕಾಯಿತೆಂದರೆ, ಕೋಟೆ ಬಾಗಿಲಲ್ಲಿ ಕಾರ್ಡು ಮಾರುವವನ ಪಾಡನ್ನು ಬೇರೆ ಹೇಳಬೇಕಿಲ್ಲ.

ಆದರೆ ಊರಿನ ಚಿತ್ರವನ್ನು ಕೊಳ್ಳುವುದು ಬೇರೆ, ಊರಿನಲ್ಲಿ ತಯಾರಾದದ್ದನ್ನು ಕೊಳ್ಳುವುದು ಬೇರೆ. ಬಿದ್ರಿ ಸಾಮಾನನ್ನೇ ನೋಡಿ. ಬಹುಪಾಲು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಗೀರಿದ ಬಳ್ಳಿಯ ಸಾಲಿನೊಳಗೆ ಬೆಳ್ಳಿ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರವೆಂಬ ಲವಣ ಸೇರಿಸಿದ ಬಿಸಿ ದ್ರಾವಣ ಸೋಕಿದಾಗ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಹೊಳೆಯುತ್ತದೆ. ಫೋಟೋದಲ್ಲಿ ಇದು ಬರೀ ಕಪ್ಪು ಬಿಳುಪಿನ ವಿನ್ಯಾಸ. ಕಪ್ಪು ಬಣ್ಣ ಬಳಿದು ಬೆಳ್ಳಿಗೆರೆ ಬರೆದ ಅಗ್ಗದ ಡಬ್ಬಿಯೂ ಅಲ್ಲಿ ಅಷ್ಟೇ ಚೆಂದ ಕಾಣುತ್ತದೆ. ಕೈಗೆತ್ತಿಕೊಂಡಾಗ ತೂಕವೇ ವ್ಯತ್ಯಾಸ ಹೇಳುತ್ತದೆ. 2006ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದ ಈ ಕಸುಬಿನ ಒಂದು ಸಣ್ಣ ಕುಂಕುಮದ ಭರಣಿಯನ್ನಾದರೂ ತನ್ನಿ ಎಂಬುದೇ ನನ್ನ ಸಲಹೆ. ಹತ್ತು ಸಾಮಾನು ಬೇಡ, ಒಂದೇ ಸಾಕು.

ಅಂಗಡಿಯಿಂದಲೇ ಮನೆಗೆ ಫೋಟೋ ಕಳುಹಿಸಿ ‘ಯಾವುದು ತರಲಿ’ ಎಂದು ಕೇಳುವ ಪದ್ಧತಿ ಈಗ ಬಂದಿದೆ. ತಪ್ಪೇನಿಲ್ಲ, ಆದರೆ ಅಳತೆ ತಿಳಿಯುವಂತೆ ಪಕ್ಕದಲ್ಲಿ ಅಂಗೈ ಇಟ್ಟು ತೆಗೆಯಿರಿ. ಇಲ್ಲದಿದ್ದರೆ ಹೂದಾನಿಯೆಂದು ಒಪ್ಪಿಕೊಂಡವರ ಕೈಗೆ ಹೆಬ್ಬೆರಳುದ್ದದ ಬೊಂಬೆ ಬಂದೀತು! ಸಾಧ್ಯವಾದರೆ, ಕುಶಲಕರ್ಮಿಯ ಒಪ್ಪಿಗೆ ಪಡೆದು, ಅವರು ಉಳಿ ಹಿಡಿದಿರುವ ಚಿತ್ರವೊಂದನ್ನೂ ತೆಗೆದುಕೊಳ್ಳಿ. ಭರಣಿಯನ್ನು ನೋಡಿದವರಿಗೆ ಅದನ್ನು ತೋರಿಸಬಹುದು.

ಪ್ರಶ್ನೆ: ಬೀದರಿನ ಅಂಗಡಿಯೊಂದರಲ್ಲಿ ಬಿದ್ರಿ ವಿನ್ಯಾಸಗಳ ಫೋಟೋ ತೆಗೆಯಹೋದಾಗ ಮಾಲೀಕರು ತಡೆದರು. ಗಿರಾಕಿಯ ಜೊತೆ ಹೀಗೆ ನಡೆದುಕೊಳ್ಳುವುದು ಸರಿಯೇ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಅವರ ಕಡೆಯೇ ನ್ಯಾಯವಿದೆ ಎನ್ನಬೇಕು. ಆ ವಿನ್ಯಾಸವೇ ಅವರ ಬಂಡವಾಳ. ನೀವು ಬರೀ ನೆನಪಿಗೆಂದು ತೆಗೆದರೂ, ಗ್ರೂಪಿನಿಂದ ಗ್ರೂಪಿಗೆ ಹಾರುವ ಆ ಚಿತ್ರ ನಕಲು ಮಾಡುವವನ ಕೈಗೆ ಸಿಗುವುದಿಲ್ಲವೆಂದು ಅವರು ಹೇಗೆ ನಂಬಬೇಕು? ಮೊದಲೇ ಕೇಳಿ ತೆಗೆಯಿರಿ. ಕೊಂಡ ವಸ್ತುವಿನ ಫೋಟೋಕ್ಕೆ ಯಾರೂ ಬೇಡವೆನ್ನಲಾರರು.