ಕಲಬುರಗಿ–ಬೀದರ್ ವಿಮಾನ ನಿಲ್ದಾಣಗಳ ನಡುವೆ 87 ಕಿ.ಮೀ. ಅಂತ ನಂಬಿ ನಾನು ಕೆಟ್ಟೆ

ಕಲಬುರಗಿಯಲ್ಲಿ ಇಳಿದು, ಕೆಲಸ ಮುಗಿಸಿ, ಬೀದರ್‌ನಿಂದ ವಿಮಾನ ಹತ್ತಬೇಕು, ಒಂದೂವರೆ ಗಂಟೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಇದೇ ಲೆಕ್ಕ ಹಾಕಿ ನಾನು ಟಿಕೆಟ್ ದುಡ್ಡು ಕಳೆದುಕೊಂಡವನು.

ಎಳ್ಳಮಾವಾಸ್ಯೆಗೆ ನಮ್ಮೂರು ಕಲಬುರಗಿಗೆ ಬಂದಿದ್ದೆ. ಮರುದಿನ ಮಧ್ಯಾಹ್ನ ಮೂರೂವರೆಗೆ ಬೀದರ್‌ನಿಂದ ಬೆಂಗಳೂರಿಗೆ ಟಿಕೆಟ್. ಯಾವುದೋ ಜಾಲತಾಣದಲ್ಲಿ ಎರಡು ನಿಲ್ದಾಣಗಳ ಹೆಸರು ಹಾಕಿದೆ. 87 ಕಿ.ಮೀ., ವಿಮಾನದಲ್ಲಿ ಹದಿನೈದು ನಿಮಿಷ ಅಂತ ತೋರಿಸಿತು. ಈ ಎರಡರ ಮಧ್ಯೆ ವಿಮಾನವೇ ಇಲ್ಲ, ಅದು ಬೇರೆ ಮಾತು! ಆದರೆ ಆ 87 ತಲೆಯಲ್ಲಿ ಕೂತುಬಿಟ್ಟಿತು.

ಅದು ಹದ್ದು ಹಾರುವ ಲೆಕ್ಕ. ನಕಾಶೆಯ ಮೇಲೆ ಅಳತೆಪಟ್ಟಿ ಇಟ್ಟು ನೆಟ್ಟಗೆ ಗೆರೆ ಎಳೆದಂತೆ. ಕಾರು ಗೆರೆ ಮೇಲೆ ಓಡಲ್ಲ, ಕಮಲಾಪುರ, ಹುಮನಾಬಾದ್ ಸುತ್ತಿಕೊಂಡೇ ಹೋಗಬೇಕು. ಹಾಗಾಗಿ ಕಲಬುರಗಿ ಊರಿಂದಲೇ ರಸ್ತೆಯಲ್ಲಿ 110 ಕಿ.ಮೀ. ದಾಟುತ್ತದೆ. ಅಲ್ಲಿನ ವಿಮಾನ ನಿಲ್ದಾಣದಿಂದ ಹೊರಟರೆ ಇನ್ನೂ ಸ್ವಲ್ಪ ಜಾಸ್ತಿ, ಯಾಕೆಂದರೆ ಅದಿರುವುದು ಸೇಡಂ ರಸ್ತೆಯ ಶ್ರೀನಿವಾಸ ಸರಡಗಿಯಲ್ಲಿ, ಹುಮನಾಬಾದ್ ರಸ್ತೆ ಹಿಡಿಯಲು ಊರ ಕಡೆ ಬರಬೇಕು. ತಪ್ಪಿನ ಇನ್ನೊಂದರ್ಧ: ನಾನು ಮೂರೂವರೆಗೆ ತಲುಪಿದರೆ ಸಾಕು ಅನ್ನೋ ಹಾಗೆ ಯೋಚಿಸಿದ್ದೆ. ಚೆಕ್-ಇನ್ ಕೌಂಟರ್ ಮುಚ್ಚುವುದು ಒಂದು ಗಂಟೆ ಮೊದಲೇ, ಎರಡೂವರೆಗೆ.

ಅಮ್ಮ ಹಬ್ಬದಲ್ಲಿ ಉಳಿದ ಕಾಳು-ತರಕಾರಿಯ ಭಜ್ಜಿ ಬಿಸಿ ಮಾಡಿ ಸಜ್ಜೆ ರೊಟ್ಟಿ ಜೊತೆ ಬಡಿಸಿದಳು. ಹನ್ನೆರಡು ಕಾಲಿಗೆ ಹೊರಟೆ. ಸಮಯ ಬೇಕಾದಷ್ಟಿದೆ ಅಂತ ಕಮಲಾಪುರದಲ್ಲಿ ಕಾರು ನಿಲ್ಲಿಸಿ ಒಂದು ಡಜನ್ ಕೆಂಪು ಬಾಳೆಹಣ್ಣು ಬೇರೆ ಕೊಂಡೆ, ಚೌಕಾಸಿ ಮಾಡಿ. ಆಮೇಲೆ ತೊಗರಿ ತುಂಬಿದ ಟ್ರ್ಯಾಕ್ಟರ್‌ಗಳು, ಒಂದರ ಹಿಂದೆ ಒಂದು. ಹುಮನಾಬಾದ್ ದಾಟಿದಾಗ ಡ್ರೈವರ್ ಗಡಿಯಾರ ನೋಡಿ, 'ಸರ್, ಇನ್ನೂ ಐವತ್ತು ಕಿಲೋಮೀಟರ್ ಐತ್ರಿ' ಅಂದ. ಹೊಟ್ಟೆಯಲ್ಲಿ ಭಜ್ಜಿ ಕಲ್ಲಾಯಿತು.

ಬೀದರ್ ನಿಲ್ದಾಣ ವಾಯುಪಡೆಯ ನೆಲೆಗೆ ಸೇರಿದ್ದು. ಗೇಟಿಗೆ ಬಂದಾಗ ಎರಡು ಐವತ್ತು. ಕೌಂಟರ್ ಹುಡುಗಿ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು, ಅಷ್ಟೇ. ಜಗಳ ಆಡಲು ನನ್ನ ಹತ್ತಿರ ಏನೂ ಇರಲಿಲ್ಲ. ರಾತ್ರಿ ಸ್ಲೀಪರ್ ಬಸ್ ಹತ್ತಿದೆ. ಅದು ಹುಮನಾಬಾದ್, ಕಮಲಾಪುರ ದಾಟಿ ಕಲಬುರಗಿಯಲ್ಲೇ ಜನ ಹತ್ತಿಸಿಕೊಳ್ಳಲು ಅರ್ಧ ಗಂಟೆ ನಿಂತಿತು. ನಮ್ಮ ಮನೆ ಅಲ್ಲಿಂದ ಎರಡು ಓಣಿ ಆಚೆ. ಅಮ್ಮನಿಗೆ ಫೋನ್ ಮಾಡಲಿಲ್ಲ.

ನನ್ನ ಕೇಳಿದರೆ, ಎರಡು ನಿಲ್ದಾಣದ ಅಂತರ ಕೇಳುವುದೇ ಬೇಡ. ಕಲಬುರಗಿಯಲ್ಲಿ ಕೆಲಸ ಇದ್ದವರು ಬೀದರ್‌ಗೆ ಹೋಗಿ ವಿಮಾನ ಯಾಕೆ ಹತ್ತಬೇಕು? ಬೆಂಗಳೂರಿಗಾದರೆ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹತ್ತಿ ಮಲಗಿ. ಬೆಳಗ್ಗೆಯೇ ಬೇಕೆಂದರೆ 2024ರಿಂದ ವಂದೇ ಭಾರತ್ ಇದೆ. ಬೀದರ್‌ನಲ್ಲೂ ಕೆಲಸ ಇದ್ದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ. ಅದೂ ಆಗದಿದ್ದರೆ ರಸ್ತೆಗೇ ಮೂರು ಗಂಟೆ, ಕೌಂಟರ್‌ಗೆ ಒಂದು ಗಂಟೆ ಬೇರೆ. ಹೊರಡುವ ಮೊದಲು ಆ ದಿನ ವಿಮಾನ ಇದೆಯಾ ನೋಡಿ. ಬೀದರ್ ಸೇವೆ 2020ರ ಫೆಬ್ರವರಿಯಲ್ಲಿ ಶುರುವಾಗಿ, ನಡುವೆ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾದದ್ದು.